ಸೊಂಟದಲ್ಲಿದ್ದ ತಲೆವಸ್ತ್ರ

ತಲೆಯ ಮೇಲೆ ಗಂಡಸರ ಕುರಿಯ ತುಪ್ಪಳದ ಟೋಪಿ, ಸೊಂಟದಲ್ಲಿ ಬಾಕು, ಬೆನ್ನ ಮೇಲೆ ಮಾತ್ರ ಹೆಂಗಸರು ಹೊರುವ ಸೌದೆಯ ಹೊರೆ. ಶುಮೈಸತ್ ಹೀಗೆ ಪರಿಖಾನ್ ಮುದುಕಿಯ ಮನೆಯ ಏರು ಹತ್ತುವುದನ್ನು ನಮ್ಮ ಬೆಟ್ಟದೂರು ಗೊಚೊಲದವರು ಏಳು ವರ್ಷದಿಂದ ನೋಡುತ್ತಿದ್ದರು. ನಮ್ಮಲ್ಲಿ ಸೌದೆ ಹೊರುವುದು, ನೀರು ತರುವುದು, ಹೊಲಕ್ಕೆ ಗೊಬ್ಬರ ಸಾಗಿಸುವುದು ಎಲ್ಲ ಹೆಂಗಸರ ಪಾಲು. ಟೋಪಿ ಹಾಕಿದವರು ಮಸೀದಿಯ ಪಕ್ಕದ ಕಟ್ಟೆಯ ಮೇಲೆ ಕೂತು ಕಡ್ಡಿ ಕೆತ್ತುತ್ತಾ ಲೋಕದ ಚಿಂತೆ ಮಾಡಬೇಕು. ಇವಳು ಎರಡನ್ನೂ ಮಾಡುತ್ತಿದ್ದಳು, ಯಾರೂ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ.

ಅನ್ನುವುದಾದರೂ ಹೇಗೆ? ರಷ್ಯದ ದೊರೆ ಬಿಳಿ ಝಾರ್‌ನ ಸೈನ್ಯ ಕಣಿವೆಯಲ್ಲಿ ತೋಪು ಹೂಡಿ ಕೂತಾಗ, ಊರಿನ ಒಂದೇ ಚಿಲುಮೆಯನ್ನು ಕಾಯುವ ಬುರುಜಿನಲ್ಲಿ ಒಂಬತ್ತು ಗಂಡಸರ ಜೊತೆ ಹತ್ತನೆಯವಳಾಗಿ ಹತ್ತೊಂಬತ್ತು ದಿನ ನಿಂತವಳು ಅವಳು. ಸೈನ್ಯ ವಾಂತಿಭೇದಿಗೆ ಹೆದರಿ ತೋಪು ಎಳೆದುಕೊಂಡು ಹೋದ ಮೇಲೆ ಊರಿನ ಹಿರಿಯರು, ಈ ಟೋಪಿ ಇವಳ ತಲೆಯ ಮೇಲೇ ಇರಲಿ ಎಂದು ತೀರ್ಪು ಕೊಟ್ಟರು. ಮದುವೆಗಳಲ್ಲಿ ಹುಡುಗಿಯರು ಅವಳ ಮೇಲೆ ಪದ ಕಟ್ಟಿ ಹಾಡುತ್ತಿದ್ದರು. ಆ ಹಾಡು ಶುರುವಾದೊಡನೆ ಶುಮೈಸತ್ ಕುದುರೆ ನೋಡಿಕೊಂಡು ಬರುತ್ತೇನೆಂದು ಎದ್ದು ಹೊರಗೆ ಹೋಗುತ್ತಿದ್ದಳು. ಎಷ್ಟು ವಿನಯ ನೋಡಿ ಎಂದು ಜನ ಮೆಚ್ಚುತ್ತಿದ್ದರು. ವಿನಯವೂ ಅಲ್ಲ, ಮಣ್ಣೂ ಅಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳಿಗೆ ಹಾಡು ಕೇಳಿದರೆ ಕೈ ಸೊಂಟಕ್ಕೆ ಹೋಗುತ್ತಿತ್ತು. ಅಂಗಿಯ ಒಳಗೆ, ಬಾಕುವಿನ ಪಟ್ಟಿಯ ಕೆಳಗೆ, ಅವಳ ತಾಯಿಯ ಕರಿ ರೇಷ್ಮೆಯ ತಲೆವಸ್ತ್ರ ಸುತ್ತಿಕೊಂಡಿತ್ತು. ತೊಳೆಯುವುದಕ್ಕೆ ಬಿಟ್ಟರೆ ಏಳು ವರ್ಷದಿಂದ ಅದನ್ನು ಅವಳು ಬಿಚ್ಚಿರಲಿಲ್ಲ.

"ಮೆಲ್ಲಗೆ ಇಳ್ಸೇ ತಾಯಿ, ಸೊಂಟ ಉಳುಕೀತು," ಎಂದಳು ಪರಿಖಾನ್ ಬಾಗಿಲಲ್ಲಿ ನಿಂತು. ಮುದುಕಿಗೆ ಬೆನ್ನು ಬಾಗಿತ್ತು, ಕಣ್ಣು ಮಾತ್ರ ಚುರುಕಾಗಿತ್ತು. "ನನ್ನ ಲಾಚಿನ್ ಇದ್ದಿದ್ರೂ ಇಷ್ಟು ಸೌದೆ ತರ್ತಿರ್ಲಿಲ್ಲ. ಅವ್ನು ಟೋಪಿ ಓರೆ ಮಾಡ್ಕೊಂಡು ಕಟ್ಟೆ ಮೇಲೆ ಕೂತಿರ್ತಿದ್ದ, ಕತ್ತೆ. ದೇವ್ರು ನಿನ್ನ ಕೈ ತಣ್ಣಗಿಟ್ಟಿರ್ಲಿ."

ಲಾಚಿನ್ ಅವಳ ಒಬ್ಬನೇ ಮಗ. ಅವನನ್ನು ಆ ಬುರುಜಿನೊಳಗೆ ಬಾಕುವಿನಿಂದ ಇರಿದು ಕೊಂದವನು ಶುಮೈಸತ್‌ಳ ತಮ್ಮ ಚುಪಾನ್. ಶತ್ರು ಹೊರಗೆ ಇರುವಾಗ ನಮ್ಮವರು ನಮ್ಮವರನ್ನೇ ಕೊಂದುಕೊಂಡರು. ಅಂಥ ಬುದ್ಧಿವಂತರು ನಾವು.

ಮುದುಕಿ ಪ್ರತಿ ಹೊರೆಗೂ ಒಂದು ಆಶೀರ್ವಾದ ಮಾಡುತ್ತಿದ್ದಳು. ಪ್ರತಿ ಆಶೀರ್ವಾದಕ್ಕೂ ಶುಮೈಸತ್ ಮುಖ ತಿರುಗಿಸಿ ಸೌದೆ ಒಟ್ಟುತ್ತಿದ್ದಳು. ಕೊಂದವನ ಅಕ್ಕನನ್ನು ಮನೆಯೊಳಗೆ ಬಿಟ್ಟುಕೊಳ್ಳುವ ತಾಯಿ ಬೇರೆ ಊರಿನಲ್ಲಿ ಸಿಗಲಿಕ್ಕಿಲ್ಲ. ಪರಿಖಾನ್ ಬಿಟ್ಟುಕೊಂಡಿದ್ದಳು, ಯಾಕೆಂದರೆ ಆ ಹೊತ್ತಿನಲ್ಲಿ ಶುಮೈಸತ್ ಬುರುಜಿನ ಮೇಲಂತಸ್ತಿನಲ್ಲಿ ಕಾವಲಿಗೆ ನಿಂತಿದ್ದಳು, ಅವಳಿಗೆ ಏನೂ ಗೊತ್ತಿರಲಿಲ್ಲ ಎಂದು ಬುರುಜಿನ ನಾಯಕ ಗಿತಿನೊ ಹೇಳಿದ್ದ. ಮುದುಕಿ ನಂಬಿದ್ದಳು.

"ಕೂತ್ಕೋ," ಎಂದಳು ಪರಿಖಾನ್. "ಇವತ್ತು ಮಧ್ಯಾಹ್ನ ನಿನ್ ತಮ್ಮ ಬರ್ತಾನೆ. ನಾನು ಒಪ್ಕೊಂಡೆ. ಏಳು ವರ್ಷ ಪರವೂರಲ್ಲಿ ಕೂದ್ಲು ಬೆಳಿಸ್ಕೊಂಡು ಅಲೆದಿದಾನೆ, ಸಾಕು. ಅವ್ನ ತಲೆ ನಾನೇ ಬೋಳಿಸ್ತೀನಿ. ಆಮೇಲೆ ಅವ್ನು ನನ್ ಮಗ, ಲಾಚಿನ್ ಜಾಗಕ್ಕೆ."

ಶುಮೈಸತ್ ಮುದುಕಿಯ ಕೈ ಹಿಡಿದುಕೊಂಡಳು. "ದೊಡ್ಡಮ್ಮಾ..." ಎಂದಳು.

"ತಡಿ, ಇನ್ನೂ ಮುಗ್ದಿಲ್ಲ. ಬುರುಜಲ್ಲಿದ್ದ ಗಂಡಸ್ರೆಲ್ಲ ಬಂದು ಹೇಳಿದಾರೆ, ನನ್ ಮಗ ಹೆಂಗೆ ಸತ್ತ ಅಂತ. ಎಲ್ರೂ ಒಂದೇ ಪಾಠ ಒಪ್ಪಿಸ್ತಾರೆ, ಮಸೀದಿ ಮಕ್ಕಳ ಹಾಗೆ. ನೀನೊಬ್ಳು ಮಾತ್ರ ಹೇಳಿಲ್ಲ, ನಾನೂ ಕೇಳಿಲ್ಲ. ಇವತ್ತು ಎಲ್ರೆದುರು ಕುರಾನ್ ಗ್ರಂಥದ ಮೇಲೆ ಕೈ ಇಟ್ಟು ನೀನು ಹೇಳು. ಮೇಲಿದ್ರೆ ಮೇಲಿಂದ ಕೇಳ್ಸಿದ್ದನ್ನ ಹೇಳು. ನಿನ್ ಬಾಯಿಂದ ಒಂದ್ಸಲ ಕೇಳಿದ್ರೆ ನನ್ ಮನಸ್ಸು ನಿಲ್ಲತ್ತೆ. ನೀನು ಸುಳ್ಳು ಹೇಳೋಳಲ್ಲ."

ಶುಮೈಸತ್ ಆಗಲಿ ಎಂದು ತಲೆಯಾಡಿಸಿ ಹೊರಗೆ ಬಂದಳು. ಏರು ಇಳಿಯುವಾಗ ಎರಡು ಸಲ ಕಾಲು ಜಾರಿತು, ಬೆನ್ನ ಮೇಲೆ ಹೊರೆ ಇಲ್ಲದಿದ್ದರೂ.

*

ಬುರುಜಿನೊಳಗೆ ಅವಳನ್ನು ಕರೆದುಕೊಂಡು ಹೋದವನು ಲಾಚಿನ್‌ನೇ. ಅದನ್ನು ನೆನೆದರೆ ಇವತ್ತಿಗೂ ಅವಳಿಗೆ ಅನ್ನ ಇಳಿಯುವುದಿಲ್ಲ.

ಮುತ್ತಿಗೆ ಶುರುವಾದಾಗ ಹಿರಿಯರು ಹೆಂಗಸರಿಗೆಲ್ಲ ಗಂಡಸರ ಟೋಪಿ, ಅಂಗಿ ತೊಡಿಸಿ ಗೋಡೆಯ ಮೇಲೆ ನಿಲ್ಲಿಸಿದ್ದರು. ದೂರದಿಂದ ದುರ್ಬೀನು ಹಿಡಿದು ನೋಡುವ ರಷ್ಯನ್ನರಿಗೆ ನಮ್ಮ ಗಂಡಸರು ಇಮ್ಮಡಿ ಕಾಣಲಿ ಎಂದು. ಬೆದರುಬೊಂಬೆಯ ಕೆಲಸ. ಉಳಿದವರು ಬೊಂಬೆಯಾಗಿ ನಿಂತರು. ಶುಮೈಸತ್ ಮಾತ್ರ ಸತ್ತ ಗಂಡನ ಕೋವಿ ತಂದು, ಮೂರನೆಯ ದಿನವೇ ತೋಪಿನ ಪಕ್ಕ ನಿಂತಿದ್ದ ಒಬ್ಬನನ್ನು ಉರುಳಿಸಿದಳು. ಅವಳು ಹಾಗೆಯೇ ಮೊದಲಿನಿಂದ. ಹನ್ನೆರಡನೇ ವಯಸ್ಸಿಗೆ ಅಪ್ಪ ಬೈದರೂ ಕುದುರೆ ಹತ್ತಿದಳು. ಗಂಡ ಯುದ್ಧದಲ್ಲಿ ಸತ್ತ ಮೇಲೆ ಮೈದುನನನ್ನು ಮದುವೆಯಾಗು ಎಂದ ಮಾವನಿಗೆ, ಸತ್ತ ಮಗನ ಕೋವಿ ಕೊಡಿ ಸಾಕು, ಇನ್ನೊಬ್ಬ ಮಗ ಬೇಡ ಎಂದು ಎದುರು ಮಾತಾಡಿ ತವರಿಗೆ ಬಂದಳು. ಊರು ಅಂದಿದ್ದು ಒಂದೂ ಅವಳ ಕಿವಿಗೆ ಇಳಿದಿರಲಿಲ್ಲ.

ಬುರುಜಿನಲ್ಲಿ ಒಬ್ಬ ಸತ್ತು ಜಾಗ ಖಾಲಿಯಾದಾಗ ಲಾಚಿನ್ ಎಲ್ಲರ ಮುಂದೆ, "ಶುಮೈಸತ್‌ನ ಕಳ್ಸಿ. ಅವಳ ಗುರಿ ನನ್ ಗುರಿಗಿಂತ ವಾಸಿ. ಹೊಟ್ಟೆಕಿಚ್ಚು ಆಗತ್ತೆ, ಆದ್ರೂ ನಿಜ ನಿಜಾನೇ," ಎಂದ. ಇಪ್ಪತ್ತಮೂರರ ಹುಡುಗ, ಬಾಯಿ ತುಂಬ ತಮಾಷೆ.

ಗಿತಿನೊ ಬುರುಜಿನ ಹೊಸ್ತಿಲಲ್ಲಿ ಅವಳನ್ನು ತಡೆದು ನಿಲ್ಲಿಸಿದ. ಐವತ್ತು ದಾಟಿದ ಮನುಷ್ಯ, ಗಡ್ಡಕ್ಕೆ ಮದರಂಗಿ ಹಚ್ಚುವವನು. "ನೋಡಮ್ಮಾ, ಈ ಹೊಸ್ತಿಲು ದಾಟಿದ್ಮೇಲೆ ನೀನು ಗಂಡಸು. ನಾವು ನಿನ್ನ ಹೆಣ್ಣು ಅನ್ನಲ್ಲ, ನೀನೂ ಹೆಣ್ಣು ಅಂತ ನೆನಪು ಮಾಡ್ಕೂಡ್ದು. ಒಂದ್ಸಲ ಮಾಡಿದ್ರೂ ಕೆಳಗೆ, ಹೆಂಗಸ್ರ ನೆಲಮಾಳಿಗೆಗೆ ಕಳಿಸ್ಬಿಡ್ತೀನಿ. ಒಪ್ಗೆನಾ?"

"ಒಪ್ಗೆ," ಎಂದಳು.

ಅವತ್ತು ಅವಳಿಗಾದ ಹಿಗ್ಗು ಮದುವೆಯ ದಿನ ಆಗಿರಲಿಲ್ಲ. ಒಂಬತ್ತು ಗಂಡಸರು ಒಂದೇ ಬಟ್ಟಲಿನ ಹುರಿಹಿಟ್ಟನ್ನು ಅವಳ ಕಡೆಗೂ ತಳ್ಳಿದರು. ಲಾಚಿನ್ ಅವಳನ್ನು "ಶುಮೈ ಅಣ್ಣಾ" ಎಂದು ಕರೆಯತೊಡಗಿದ. ತಮಾಷೆಗೆ ಶುರುವಾದದ್ದು ಮೂರು ದಿನದಲ್ಲಿ ತಮಾಷೆಯಾಗಿ ಉಳಿಯಲಿಲ್ಲ.

ಅವಳು ಬುರುಜಿಗೆ ಬಂದ ಹದಿನಾರನೆಯ ದಿನ ನೀರು ಮುಗಿದಿತ್ತು. ಚಿಲುಮೆ ಬುರುಜಿನ ಕೆಳಗೆ ನೂರು ಹೆಜ್ಜೆ, ಆ ನೂರು ಹೆಜ್ಜೆಯೂ ಶತ್ರುವಿನ ಕೋವಿಗೆ ಬಯಲು. ಲಾಚಿನ್ ನೀರಿನ ಚರ್ಮದ ತಿತ್ತಿ ಹೊತ್ತು ಇಳಿದ, ತುಂಬಿಕೊಂಡು ಹತ್ತಿದ. ಬಾಗಿಲೊಳಗೆ ಬಂದು ಬೆನ್ನಿನಿಂದ ತಿತ್ತಿ ಇಳಿಸಿದರೆ ಅದರಲ್ಲೊಂದು ತೂತು. ನೀರೆಲ್ಲ ದಾರಿಯ ಪಾಲಾಗಿತ್ತು. ತಳದಲ್ಲಿ ಒಂದು ಬೊಗಸೆಯಷ್ಟು ಉಳಿದಿತ್ತು.

ಬಾಯಾರಿದ ಮನುಷ್ಯನಿಗೆ ನಾಲಿಗೆ ಒಣಗಿದಷ್ಟೂ ಹರಿತ. ಚುಪಾನ್ ತಿತ್ತಿಯನ್ನು ತಿರುಗಿಸಿ ನೋಡಿ, "ಗುಂಡು ಹಿಂದ್ಗಡೆಯಿಂದ ಬಿದ್ದಿದೆ. ಬೆನ್ನು ತೋರಿಸ್ಕೊಂಡು ಓಡಿಬಂದ್ಯೇನೋ?" ಎಂದ.

ಏರು ಹತ್ತುವವನ ಬೆನ್ನು ಶತ್ರುವಿನ ಕಡೆ ಇರದೆ ಇನ್ನೆಲ್ಲಿರುತ್ತದೆ? ಅದು ಚುಪಾನ್‌ಗೂ ಗೊತ್ತಿತ್ತು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಲಾಚಿನ್ ಒಬ್ಬ ನಗಲಿಲ್ಲ. ಪ್ರಾಣ ಒತ್ತೆಯಿಟ್ಟು ಬಂದವನಿಗೆ ಬೆನ್ನು ತೋರಿಸಿದವನು ಎಂದರೆ ನಮ್ಮ ಬೆಟ್ಟಗಳಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

"ನನ್ ಬೆನ್ನಿನ ಮಾತು ಬಿಡು ಚುಪಾನ್," ಎಂದ ಅವನು. "ನಿಮ್ಮನೇಲಿ ಟೋಪಿ ಅಕ್ಕನ ತಲೆ ಮೇಲಿದೆ. ಹಂಗಾದ್ರೆ ತಲೆಬಟ್ಟೆ ಕಟ್ಕೊಳ್ಳೋದು ಯಾರು? ನೀನಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡು ಬಾಕು ಒಟ್ಟಿಗೇ ಒರೆಯಿಂದ ಹೊರಬಂದವು.

ಇಬ್ಬರು ಗಂಡಸರು ಬಾಕು ಹಿರಿದು ನಿಂತಾಗ ಹೆಣ್ಣೊಬ್ಬಳು ತಲೆವಸ್ತ್ರ ಕಿತ್ತು ನಡುವೆ ಎಸೆದರೆ ಅಲ್ಲಿಗೆ ಮುಗಿಯಿತು. ಅದನ್ನು ತುಳಿದು ಮುಂದೆ ಹೆಜ್ಜೆಯಿಟ್ಟವನು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ತಂದೆಯನ್ನು ಕೊಂದವನೇ ಎದುರಿಗಿದ್ದರೂ ಬಾಕು ಒರೆಗೆ ಹೋಗಲೇಬೇಕು. ಪರಿಖಾನ್ ತಾನೇ ವಯಸ್ಸಿನಲ್ಲಿದ್ದಾಗ ಹೀಗೆ ಎರಡು ಜಗಳ ನಿಲ್ಲಿಸಿದ್ದಳು. ಗೊಚೊಲದಲ್ಲಿ ಹಾಲುಗಲ್ಲದ ಹುಡುಗಿಗೂ ಈ ಪದ್ಧತಿ ಗೊತ್ತು.

ಶುಮೈಸತ್‌ಗೂ ಗೊತ್ತಿತ್ತು. ಗಾಯವಾದರೆ ಕಟ್ಟಲು ಬೇಕಾದೀತೆಂದು ಅಮ್ಮನ ತಲೆವಸ್ತ್ರವನ್ನು ಸೊಂಟಕ್ಕೆ ಸುತ್ತಿಕೊಂಡೇ ಬುರುಜಿಗೆ ಬಂದಿದ್ದಳು. ಅವಳ ಕೈ ಅಂಗಿಯೊಳಗೆ ಹೋಯಿತು. ಬೆರಳಿಗೆ ರೇಷ್ಮೆ ತಾಗಿತು. ಗಂಟನ್ನೂ ಸಡಿಲಿಸಿದಳು.

ಅಲ್ಲಿ ಕೈ ನಿಂತಿತು. ಇದನ್ನು ಎಸೆದರೆ ನಾನು ಹೆಣ್ಣು ಎಂದು ನಾನೇ ಡಂಗುರ ಸಾರಿದ ಹಾಗೆ. ಗಿತಿನೊ ಕೆಳಗೆ ಕಳಿಸುತ್ತಾನೆ. ನೆಲಮಾಳಿಗೆ, ಅಳುವ ಮಕ್ಕಳು, ಕತ್ತಲೆ. ಮೇಲಾಗಿ ಲಾಚಿನ್‌ನ ಮೂದಲಿಕೆಗೆ ಸರಿಯಾಗಿ ನಮ್ಮ ಮನೆಯ ತಲೆವಸ್ತ್ರ ಎಲ್ಲರೆದುರು ನೆಲಕ್ಕೆ ಬೀಳುತ್ತದೆ. ಇಷ್ಟನ್ನೂ ಅವಳು ಯೋಚಿಸಿದಳು. ಯೋಚಿಸುವಷ್ಟು ಹೊತ್ತು ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ಅರ್ಧ ಸುತ್ತು ತಿರುಗಿದರು. ಲಾಚಿನ್ ಒಮ್ಮೆ ಅವಳ ಕಡೆ ನೋಡಿದ ಸಹ. ಬೇರೆ ಯಾರೂ ನೋಡಲಿಲ್ಲ. ಅವರಿಗೆ ಅವಳು ಹೆಣ್ಣೆಂಬುದು ಮರೆತೇಹೋಗಿತ್ತು. ಅವಳು ಬಯಸಿದ್ದೂ ಅದನ್ನೇ.

ಆಮೇಲೆ ಚುಪಾನ್ ಮುಂದೆ ನುಗ್ಗಿದ. ಲಾಚಿನ್ ಗೋಡೆಗೊರಗಿ ಕೂತ. ತಿತ್ತಿಯಲ್ಲಿ ಉಳಿದಿದ್ದ ಬೊಗಸೆ ನೀರನ್ನು ಅವನ ಬಾಯಿಗೇ ಬಿಟ್ಟರು. ಅದು ಒಳಗೆ ಹೋಗಲಿಲ್ಲ.

*

ಮನೆಗೆ ಬಂದರೆ ಚುಪಾನ್‌ನ ಹೆಂಡತಿ ಬಿಕಾ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು. ಏಳು ವರ್ಷದಿಂದ ಗಂಡನಿದ್ದೂ ವಿಧವೆಯಂತೆ ಬದುಕಿದವಳು, ಇವತ್ತು ಹಬ್ಬದ ಅಂಗಿ ಹಾಕಿಕೊಂಡಿದ್ದಳು. ಗಿತಿನೊ ಮೂಲೆಯ ಮಣೆಯ ಮೇಲೆ ಕೂತಿದ್ದ. ಗಡ್ಡ ಈಗ ಪೂರ್ತಿ ಬೆಳ್ಳಗಾಗಿತ್ತು, ಮದರಂಗಿ ಬಿಟ್ಟಿದ್ದ.

"ಮುದುಕಿ ಏನು ಕೇಳ್ದಳು ಅಂತ ಗೊತ್ತಾಯ್ತು," ಎಂದ ಅವನು. "ನೀನು ಮೇಲಿದ್ದೆ. ಸದ್ದು ಕೇಳಿ ಇಳಿಯೋ ಹೊತ್ಗೆ ಎಲ್ಲ ಮುಗ್ದಿತ್ತು. ಅಷ್ಟೇ ಹೇಳು."

"ಗ್ರಂಥದ ಮೇಲೆ ಕೈ ಇಟ್ಟಾ, ಗಿತಿನೊ ಮಾವ?"

"ನನ್ ಕೈನೂ ಇಟ್ಟಿದೀನಿ. ಆ ಪಾಪ ನನಗಿರ್ಲಿ. ಕೇಳು ಶುಮೈಸತ್, ಸಾಕ್ಷೀಲಿ ಒಂದೆಳೆ ಸುಳ್ಳು ಅಂತ ಗೊತ್ತಾದ್ರೂ ಸಂಧಾನ ಮುರೀತು. ಲಾಚಿನ್ ದೊಡ್ಡಪ್ಪನ ಮಗ ಆದಲೊ ಕಾಯ್ತಾ ಇದಾನೆ. ಅವನಿಗೆ ಈ ಸಂಧಾನ ಮೊದ್ಲೇ ಬೇಡ. ನಿನ್ ತಮ್ಮ ಇವತ್ತು ಆಯುಧ ಇಲ್ದೆ, ಬರೀ ಕೈಯಲ್ಲಿ ಬರ್ತಾನೆ. ನೆನಪಿರ್ಲಿ."

"ನೀವು ಯಾಕೆ ಹಾಗಂದ್ರಿ ಅವತ್ತು? ನಾನು ಮೇಲಿದ್ದೆ ಅಂತ?"

ಗಿತಿನೊ ತನ್ನ ಕೋಲಿನ ತುದಿ ನೋಡುತ್ತಾ ಕೂತ. "ಅಲ್ಲಿ ಒಂದು ಹೆಣ್ಣಿತ್ತು ಅಂತ ತಾಯಿಗೆ ಹೆಂಗೆ ಹೇಳ್ಲಿ? ಹೇಳಿದ್ರೆ ಮೊದಲ್ನೇ ಪ್ರಶ್ನೆ ಏನು ಬರ್ತಿತ್ತು ಅಂತ ನಿನಗೂ ಗೊತ್ತು. ಹೊಸ್ತಿಲಲ್ಲಿ ನಿನ್ ಬಾಯಿ ಕಟ್ದೋನು ನಾನು. ನನಗೂ ಮುಖ ಉಳಿಸ್ಕೋಬೇಕಿತ್ತು."

ಬಿಕಾ ಹಿಟ್ಟಿನ ಕೈಯಲ್ಲೇ ಬಂದು ಅವಳ ತೋಳು ಹಿಡಿದುಕೊಂಡಳು. "ಅತ್ಗೆ, ನಿಮ್ ಕಾಲು ಹಿಡೀತೀನಿ. ನಿಮ್ ಹೆಸ್ರಲ್ಲಿ ಹಾಡು ಹಾಡ್ತಾರೆ. ಹಾಡಿಸ್ಕೊಂಡ ಋಣಕ್ಕಾದ್ರೂ ಒಂದು ಮಾತು ಆಡಿ. ಬರೀ ಒಂದೇ ಒಂದು ಸುಳ್ಳು."

ಆ ಮಾತು ಬೇಕೆಂದೇ ಚುಚ್ಚಿದ್ದೋ, ಸುಮ್ಮನೆ ಬಂದದ್ದೋ ಶುಮೈಸತ್‌ಗೆ ತಿಳಿಯಲಿಲ್ಲ. ತೋಳಿನ ಮೇಲೆ ಐದು ಬೆರಳಿನ ಹಿಟ್ಟು ಮೂಡಿತ್ತು. ಅವಳು ಅದನ್ನು ಒರೆಸದೆ ಹೊರಟಳು. ಸುಳ್ಳು ಹೇಳುವುದೆಂದೇ ಹೊರಟಳು. ತಮ್ಮನ ಪ್ರಾಣಕ್ಕಿಂತ ತನ್ನ ಮನಸ್ಸಿನ ನೆಮ್ಮದಿ ದೊಡ್ಡದೇನಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಬುದ್ಧಿ ಹೇಳಿಕೊಂಡಳು.

*

ಪರಿಖಾನ್‌ಳ ಅಂಗಳದಲ್ಲಿ ಊರಿಗೆ ಊರೇ ನೆರೆದಿತ್ತು. ಗಂಡಸರು ಗೋಡೆಯುದ್ದಕ್ಕೂ ನಿಂತಿದ್ದರು, ಹೆಂಗಸರು ಅಕ್ಕಪಕ್ಕದ ಮಾಳಿಗೆಗಳ ಮೇಲೆ ಜರದಾಳು ಒಣಹಾಕಿದ ಚಾಪೆಗಳ ನಡುವೆ ಕೂತಿದ್ದರು. ನಡುವೆ ಒಂದು ಮಣೆ, ಅದರ ಮೇಲೆ ಬಟ್ಟಲಲ್ಲಿ ನೀರು, ಕ್ಷೌರದ ಕತ್ತಿ.

ಚುಪಾನ್ ಅಂಗಳದ ಬಾಗಿಲಿನಿಂದ ಮೊಣಕಾಲೂರಿಕೊಂಡು ಬಂದ. ಬರಿತಲೆ, ಹೆಗಲ ಕೆಳಗಿಳಿದ ಜಡೆಗಟ್ಟಿದ ಕೂದಲು, ಮುಖ ಕಾಣದಷ್ಟು ಗಡ್ಡ. ಪಟ್ಟಿಯಿಲ್ಲದ ಸೊಂಟ, ಬಾಕುವಿಲ್ಲದ ಕೈ. ಶುಮೈಸತ್ ಅವನನ್ನು ಏಳು ವರ್ಷದಲ್ಲಿ ಎರಡೇ ಸಲ, ಅದೂ ಕದ್ದು, ನೋಡಿದ್ದಳು. ಮೂವತ್ತಕ್ಕೇ ಮುದುಕನಾಗಿದ್ದ. ಅವನು ಮುದುಕಿಯ ಕಾಲ ಬಳಿ ಬಂದು ತಲೆ ಬಗ್ಗಿಸಿ ಕೂತ.

ಪರಿಖಾನ್ ಅವನ ಕಡೆ ನೋಡಲಿಲ್ಲ. "ಶುಮೈಸತ್, ಬಾ," ಎಂದಳು.

ಮುಲ್ಲಾ ಗ್ರಂಥ ಹಿಡಿದ. ಅವಳು ಕೈ ಇಟ್ಟಳು.

"ನನ್ ಮಗ ಹೆಂಗೆ ಸತ್ತ?"

"ನಾನು..." ಎಂದಳು ಶುಮೈಸತ್. ಗಿತಿನೊ ಕೆಮ್ಮಿದ. "ನಾನು ಮೇಲೆ..."

ಪರಿಖಾನ್ ಅವಳ ತೋಳು ನೋಡಿದಳು. "ಏನೇ ಇದು, ಮೈಯೆಲ್ಲ ಹಿಟ್ಟು?" ಎಂದು ಮೆಲ್ಲಗೆ ಅಂದು, ತನ್ನ ಸೆರಗಿನಿಂದ ಆ ಹಿಟ್ಟನ್ನು ಒರೆಸಿದಳು, ಹಬ್ಬದ ದಿನ ಮಗಳ ಬಟ್ಟೆ ಸರಿಮಾಡುವ ತಾಯಿಯ ಹಾಗೆ. "ಹೇಳು ಮಗಾ. ಹೆದರ್ಬೇಡ."

ಅಲ್ಲಿಗೆ ಶುಮೈಸತ್‌ಳ ಕಟ್ಟೆ ಒಡೆಯಿತು. "ನಾನು ಮೇಲಿರ್ಲಿಲ್ಲ ದೊಡ್ಡಮ್ಮ. ಅಲ್ಲೇ ಇದ್ದೆ. ಮೂರು ಮಾರು ದೂರದಲ್ಲಿ. ಕೈಯಲ್ಲಿ ತಲೆಬಟ್ಟೆ ಇತ್ತು."

ಮಾಳಿಗೆಗಳ ಮೇಲಿದ್ದ ಹೆಂಗಸರು ಕತ್ತು ಮುಂದೆ ಚಾಚಿದರು.

"ಗಂಟು ಬಿಚ್ಚಿದ್ದೆ. ಎಸೀಲಿಲ್ಲ. ಎಸೆದ್ರೆ ನನ್ನ ಕೆಳಗೆ ಕಳಿಸ್ತಾರೆ, ಗಂಡಸ್ರು ನಗ್ತಾರೆ ಅಂತ ಎಸೀಲಿಲ್ಲ. ಹೊತ್ತಿತ್ತು. ಬೇಕಾದಷ್ಟು ಹೊತ್ತಿತ್ತು. ನಿಮ್ ಲಾಚಿನ್ ಒಂದ್ಸಲ ನನ್ನ ನೋಡಿದ್ದ..." ಮುಂದಿನದು ಅಳುವಿನಲ್ಲಿ ಹೋಯಿತು. ಆ ಏಳು ವರ್ಷದಲ್ಲಿ ಅವಳು ಯಾರ ಮುಂದೆಯೂ ಅತ್ತಿರಲಿಲ್ಲ. ಟೋಪಿ ಹಾಕಿದವರು ಅಳಬಾರದಲ್ಲ.

"ಸುಳ್ಳು ಸಾಕ್ಷಿ!" ಎಂದು ಆದಲೊ ಕೂಗಿದ. "ಇಷ್ಟು ವರ್ಷ ಮುದುಕಿಗೆ ಮಂಕುಬೂದಿ ಎರಚಿದಾರೆ! ಎಲ್ಲಿಯ ಸಂಧಾನ, ಯಾವ ಸಂಧಾನ?" ಗೋಡೆಯ ಬಳಿಯಿಂದ ಅವನು ಬಾಕು ಹಿರಿದು ನಾಲ್ಕೇ ಹೆಜ್ಜೆಯಲ್ಲಿ ಚುಪಾನ್‌ನ ಬೆನ್ನ ಹಿಂದೆ ಬಂದಿದ್ದ. ಚುಪಾನ್ ತಲೆ ಎತ್ತಲೂ ಇಲ್ಲ, ಕತ್ತು ಬಗ್ಗಿಸಿಯೇ ಕೂತಿದ್ದ. ಮಾಳಿಗೆಯ ಮೇಲಿನಿಂದ ಬಿಕಾ ಚೀರಿದಳು.

ಈ ಸಲ ಶುಮೈಸತ್ ಯೋಚಿಸಲಿಲ್ಲ. ಕೈ ಅಂಗಿಯೊಳಗೆ ಹೋದದ್ದೂ ಅವಳಿಗೆ ಗೊತ್ತಾಗಲಿಲ್ಲ. ಕರಿ ರೇಷ್ಮೆ ಗಾಳಿಯಲ್ಲಿ ಬಿಚ್ಚಿಕೊಂಡು ಚುಪಾನ್‌ನ ಹಿಂದೆ, ಆದಲೊನ ಕಾಲ ಮುಂದೆ ಬಿತ್ತು.

ಆದಲೊ ನಿಂತ. ಎತ್ತಿದ ಕೈ ಎತ್ತಿದ ಹಾಗೆಯೇ. ಒಮ್ಮೆ ನೆಲದ ಮೇಲಿನ ಬಟ್ಟೆಯನ್ನು ನೋಡಿದ, ಒಮ್ಮೆ ಅದನ್ನು ಎಸೆದವಳ ತಲೆಯ ಮೇಲಿನ ಟೋಪಿಯನ್ನು ನೋಡಿದ. ಹಲ್ಲು ಕಡಿದ. ಆಮೇಲೆ ಬಾಕುವನ್ನು ಒರೆಗೆ ಸೇರಿಸಿ, ಒಂದು ಹೆಜ್ಜೆ ಹಿಂದೆ ಸರಿದ. ಯಾರೂ ನಗಲಿಲ್ಲ. ಟೋಪಿ ಹಾಕಿದವಳ ತಲೆವಸ್ತ್ರ ಲೆಕ್ಕಕ್ಕಿಲ್ಲ ಎಂದು ಅಷ್ಟು ಜನರಲ್ಲಿ ಒಬ್ಬನೂ ಅನ್ನಲಿಲ್ಲ.

ತಮ್ಮ ಉಳಿದ ಎಂದು ಶುಮೈಸತ್‌ಗೆ ಒಂದು ಉಸಿರಿನಷ್ಟು ಸಮಾಧಾನವಾಯಿತು. ಮರು ಉಸಿರಿಗೆ ಅದರ ಅರ್ಥ ಹೊಳೆದು ಅಲ್ಲೇ ನೆಲದ ಮೇಲೆ ಕೂತಳು. ಎಸೆದಿದ್ದರೆ ನಿಲ್ಲುತ್ತಿತ್ತೋ ಇಲ್ಲವೋ ಎಂಬ ಒಂದು ಅನುಮಾನವನ್ನು ಅವಳು ಏಳು ವರ್ಷ ಊರುಗೋಲಿನಂತೆ ಹಿಡಿದುಕೊಂಡಿದ್ದಳು. ಗಂಡಸರ ವೇಷದಲ್ಲಿದ್ದೆ, ನನ್ನ ಬಟ್ಟೆಗೆ ಯಾರು ಬೆಲೆ ಕೊಡುತ್ತಿದ್ದರು ಎಂದು ಎಷ್ಟೋ ಸಲ ತನ್ನನ್ನು ತಾನು ಸಂತೈಸಿಕೊಂಡಿದ್ದಳು. ಆ ಕೋಲೂ ಈಗ ಮುರಿಯಿತು.

ಪರಿಖಾನ್ ನಿಧಾನವಾಗಿ ಬಗ್ಗಿ ತಲೆವಸ್ತ್ರವನ್ನು ಎತ್ತಿಕೊಂಡಳು. ಧೂಳು ಕೊಡವಿದಳು, ನಾಲ್ಕು ಮಡಿಕೆ ಮಡಿಚಿ ತನ್ನ ಹೆಗಲ ಮೇಲೆ ಹಾಕಿಕೊಂಡಳು.

"ನಿಲ್ತಲ್ಲೇ," ಎಂದಳು.

ಆಮೇಲೆ ಮಣೆಯ ಮೇಲೆ ಕೂತು, ಚುಪಾನ್‌ನ ತಲೆಯನ್ನು ತೊಡೆಯ ಹತ್ತಿರ ಎಳೆದುಕೊಂಡು ಕತ್ತಿ ಕೈಗೆ ತೆಗೆದುಕೊಂಡಳು.

"ಚಿಕ್ಕಮ್ಮಾ, ಸಂಧಾನ ಮುರಿದಿದೆ," ಎಂದ ಆದಲೊ.

"ಮುರಿಯೋಕೆ, ಕೂಡ್ಸೋಕೆ ಹೆತ್ತೋಳು ನಾನು. ನೀನು ಹೋಗಿ ಗೋಡೆ ಹತ್ರ ನಿಂತ್ಕೋ," ಎಂದಳು ಮುದುಕಿ. "ಗಂಡಸ್ರ ಕೈ ಬಾಕುಗೆ ಹೋಗತ್ತೆ. ಅದು ನಾಯಿ ಬೊಗಳಿದ ಹಾಗೆ, ಎಲ್ರಿಗೂ ಗೊತ್ತಿರೋದೇ. ಇವ್ನ ಮೇಲಿನ ಸಿಟ್ಟು ನನಗೆ ಹೋದ ವರ್ಷವೇ ಇಳ್ದುಹೋಯ್ತು."

ಜಡೆಗಟ್ಟಿದ ಕೂದಲು ಹಿಡಿಹಿಡಿಯಾಗಿ ಅಂಗಳಕ್ಕೆ ಬಿತ್ತು. ಚುಪಾನ್ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಮುದುಕಿ ಬೋಳಿಸಿ ಮುಗಿಸಿ, ತಲೆಗೆ ನೀರು ಸುರಿದು ಒರೆಸಿ, "ಏಳು ಮಗಾ. ಒಳಗೆ ಹಿಂಕಾಲ್ ಕಡುಬು ಬೇಯ್ತಿದೆ, ಬೆಳ್ಳುಳ್ಳಿ ಗೊಜ್ಜು ಜಾಸ್ತಿ ಹಾಕಿದೀನಿ, ಅವನಿಗೆ ಹಾಕ್ತಿದ್ದ ಹಾಗೆ. ಹೋಗಿ ಉಣ್ಣು," ಎಂದಳು.

ಜನ ಒಬ್ಬೊಬ್ಬರಾಗಿ ಕರಗಿದರು. ಗಿತಿನೊ ಮುಖ ಮರೆಸಿಕೊಂಡು ಎಲ್ಲರಿಗಿಂತ ಮೊದಲೇ ಹೋಗಿದ್ದ. ಶುಮೈಸತ್ ಕೂದಲಿನ ರಾಶಿಯ ಪಕ್ಕದಲ್ಲೇ ಕೂತಿದ್ದಳು. ಕೊನೆಗೆ ಟೋಪಿ ತೆಗೆದು ಮುದುಕಿಯ ಕಾಲ ಬಳಿ ಇಟ್ಟಳು.

"ನನಗೂ ಏನಾದ್ರೂ ಹೇಳಿ ದೊಡ್ಡಮ್ಮ. ಪರವೂರಿಗೆ ಹೋಗು ಅನ್ನಿ, ಹೋಗ್ತೀನಿ. ಇನ್ಮೇಲೆ ತಲೆಬಟ್ಟೆ ಕಟ್ಕೊಂಡು ಒಲೆ ಮುಂದೆ ಕೂತಿರ್ತೀನಿ."

"ಟೋಪಿ ಹಾಕಿದ್ದು ತಪ್ಪು ಅಂತ ಯಾರಂದ್ರು ನಿನಗೆ?" ಎಂದಳು ಪರಿಖಾನ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೇಳಲಾಗದಂತಿತ್ತು. "ಹನ್ನೆರಡು ವರ್ಷಕ್ಕೆ ಕುದ್ರೆ ಹತ್ತಿದೆ, ಅಪ್ಪನ ಮಾತು ಕೇಳ್ಲಿಲ್ಲ. ಮಾವನ ಮಾತು ಕೇಳ್ಲಿಲ್ಲ. ಊರಿನ ಮಾತು ಕೇಳ್ಲಿಲ್ಲ. ನಾವು ಹೆಂಗಸ್ರೆಲ್ಲ ಒಳಗೊಳಗೆ ನಿನ್ನ ನೋಡಿ ಎಷ್ಟು ಹಿಗ್ತಿದ್ವಿ ಗೊತ್ತಾ? ಆ ಗಿತಿನೊ ಹೊಸ್ತಿಲಲ್ಲಿ ನಿಂತು ಏನೋ ಅಂದ್ನಂತೆ. ಜೀವಮಾನದಲ್ಲಿ ಒಂದೇ ಒಂದ್ಸಲ ಗಂಡಸ್ರ ಮಾತು ಕೇಳ್ದೆ ನೀನು. ನನ್ ಮಗನ ದಿನಾನೇ ಆಗ್ಬೇಕಿತ್ತಾ ಅದು?"



ಮುದುಕಿ ಹೆಗಲ ಮೇಲಿನ ತಲೆವಸ್ತ್ರ ತೆಗೆದು ಅವಳ ಮಡಿಲಿಗೆ ಹಾಕಿದಳು. ಟೋಪಿಯನ್ನು ಎತ್ತಿ ಅದರ ಮೇಲಿಟ್ಟಳು. "ಎರಡೂ ನಿನ್ನವೇ. ಎರಡೂ ಇಟ್ಕೋ. ನಿನಗೆ ಶಿಕ್ಷೆ ಕೊಡೋಕೆ ನಮ್ಮಲ್ಲಿ ಪದ್ಧತಿ ಇಲ್ಲ ಕಣೇ. ಶಿಕ್ಷೆ ಇಲ್ದಿದ್ಮೇಲೆ ಕ್ಷಮೆಗೂ ಪದ್ಧತಿ ಇಲ್ಲ. ಅವ್ನ ಕೂದ್ಲಾದ್ರೆ ಬೋಳಿಸ್ಬಿಟ್ಟೆ. ನಿಂದು ಏನು ಬೋಳಿಸ್ಲಿ?"

ಬಾಗಿಲ ಬಳಿ ಹೋಗಿ ನಿಂತು ತಿರುಗಿದಳು. "ಇನ್ನೊಂದು. ನಾಳೆಯಿಂದ ಸೌದೆ ತರ್ಬೇಡ. ಸೌದೆ ತರೋಕೆ ನನ್ ಮಗ ಬಂದಿದಾನೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಚುಪಾನ್ ಮರುದಿನದಿಂದಲೇ ಪರಿಖಾನ್‌ಳ ಮನೆಗೆ ಸೌದೆ ಹೊತ್ತ. ಟೋಪಿ ಹಾಕಿದ ಗಂಡಸು ಬೆನ್ನ ಮೇಲೆ ಹೊರೆ ಹೊತ್ತದ್ದನ್ನು ನೋಡಿ ಕಟ್ಟೆಯ ಮೇಲಿದ್ದವರು ಒಂದು ವಾರ ನಕ್ಕರು, ಆಮೇಲೆ ಸುಮ್ಮನಾದರು. ಮದುವೆಗಳಲ್ಲಿ ಆ ಹಾಡನ್ನು ಈಗಲೂ ಹಾಡುತ್ತಾರೆ. ಶುಮೈಸತ್ ಈಗ ಎದ್ದು ಹೊರಗೆ ಹೋಗುವುದಿಲ್ಲ. ಕೊನೆಯ ಸಾಲಿನ ತನಕ ಕೂತು ಕೇಳುತ್ತಾಳೆ.

ಪ್ರತಿ ವರ್ಷ ಎಲೆ ಉದುರುವ ಕಾಲಕ್ಕೆ ಅವಳು ಕಾಡಿಗೆ ಹೋಗಿ ಮೊದಲಿನಷ್ಟೇ ಸೌದೆ ಕಡಿಯುತ್ತಾಳೆ. ಅಷ್ಟನ್ನೂ ಹೊತ್ತು ತಂದು ತನ್ನ ಮನೆಯ ಗೋಡೆಗೆ ಒಟ್ಟುತ್ತಾಳೆ. ಬಿಕಾ ಒಮ್ಮೆ ಅದರಲ್ಲಿ ಒಂದು ಕೊರಡು ಎಳೆದುಕೊಳ್ಳಲು ಹೋದಾಗ, "ಅದು ಬೇಡ, ಅದು ಪರಿಖಾನ್ ದೊಡ್ಡಮ್ಮಂದು," ಎಂದಳು. ಸೌದೆ ಇನ್ನೂ ಅಲ್ಲೇ ಇದೆ.